ರಟ್ಟೆಗೆ ಸುತ್ತಿದ ದಾರ

ಹಿರೇವಡ್ಡಟ್ಟಿ
೧-೭-೨೦೨೫

ಪ್ರೀತಿಯ ಶಿವಕ್ಕಾ,

ನಿನ್ನ ಮೊಣಕಾಲು ನೋವು ಹೇಗಿದೆ? ಮಾವನವರ ಕೆಮ್ಮು ಇಳಿಯಿತೆ? ಮುಳಗುಂದದಲ್ಲಿ ಎಲ್ಲರೂ ಸೌಖ್ಯವೆಂದು ತಿಳಿದು ಇಲ್ಲಿಯದು ಬರೆಯುತ್ತೇನೆ. ಫೋನಿರುವಾಗ ಪತ್ರವೇಕೆ ಅನ್ನಬೇಡ. ಫೋನ್ ಹಿಡಿದರೆ ಅವ್ವ ಪಕ್ಕಕ್ಕೇ ಬಂದು ಕೂರುತ್ತಾಳೆ.

ಈ ವರ್ಷ ಶಾಲೆಯಲ್ಲಿ ನನ್ನ ನಲಿ-ಕಲಿ ಮಕ್ಕಳಿಗೆ ಅಳತೆಯನ್ನು ಆಟವಾಗಿಸಿದ್ದೇನೆ. ಬೆಂಚಿಗೆ ಗೇಣು, ಅಂಗಳಕ್ಕೆ ಹೆಜ್ಜೆ. ಅಬ್ರಾರನ ಹೆಜ್ಜೆಗೆ ನಲವತ್ತಾದ ಅಂಗಳ ನನ್ನದಕ್ಕೆ ಹದಿನೆಂಟು. ‘ಸರ್, ನಿಮಗ ಸಾಲಿ ಸಣ್ಣದೈತ್ರಿ’ ಎಂದ. ಒಪ್ಪಿಕೊಂಡೆ. ದುಂಡಗಿನ ವಸ್ತುಗಳಿಗೆ ದಾರ. ಅದಕ್ಕೊಂದು ಪದ ಕಟ್ಟಿದ್ದೇನೆ, ನನ್ನ ಚಟ ನಿನಗೆ ಗೊತ್ತಲ್ಲ: ‘ಚರಿಗಿ, ತಾಟು, ರೊಟ್ಟಿ, ದಾರ ಸುತ್ತು ಗಟ್ಟಿ, ಬಿಚ್ಚಿ ಹಿಡಿ ನೆಟ್ಟಗ, ಅಳದು ಹೇಳು ತಟ್ಟಗ.’ ದಾರವನ್ನು ವಹಿಯಲ್ಲಿ ಅಂಟಿಸಬೇಕು. ಹದಿನೈದು ದಿನಕ್ಕೊಮ್ಮೆ ಅದನ್ನೇ ಮತ್ತೆ ಅಳೆಯಬೇಕು, ಯಾವುದು ಬೆಳೆಯುತ್ತದೆ ನೋಡಲು. ಉಳಿದವರು ಬಳ್ಳಿಯ ಕುಂಬಳಕಾಯಿ, ಕರುವಿನ ಕೊರಳು ಆರಿಸಿಕೊಂಡರು. ನನ್ನ ಮಗಳು ಕಾವೇರಿ ಅಜ್ಜಿಯ ರಟ್ಟೆ ಆರಿಸಿಕೊಂಡಳು.

ಮೊದಲ ಸಲ ಇಪ್ಪತ್ನಾಲ್ಕು ಸೆಂಟಿಮೀಟರು. ಎರಡನೇ ಸಲ ಇಪ್ಪತ್ಮೂರು. ದಾರ ಜಗ್ಗಿ ಸುತ್ತಿದ್ದಾಳೆಂದು ಕೆಂಪು ಗೆರೆ ಎಳೆದೆ, ಎಲ್ಲರೆದುರು ಬೈದೆ. ‘ಇಲ್ಲಪ್ಪಾ, ನಾ ಬರೋಬ್ಬರಿ ಸುತ್ತೇನಿ’ ಎಂದು ಅತ್ತಳು. ನಿನ್ನೆ ಇಪ್ಪತ್ತೆರಡು ತಂದಳು. ಅವಳ ತಪ್ಪು ತೋರಿಸಲೆಂದೇ ಮನೆಗೆ ಬಂದು ನಾನೇ ಸುತ್ತಿ ನೋಡಿದೆ. ಇಪ್ಪತ್ತೆರಡೇ. ಕುಪ್ಪಸದ ತೋಳಿಗೆ ಅವ್ವ ಒಳಗಿನಿಂದ ಎರಡು ಹೊಲಿಗೆ ಹಾಕಿಕೊಂಡಿದ್ದಳು, ಜೋಲುವುದು ನಮಗೆ ಕಾಣಬಾರದೆಂದು. ‘ಶಿವಿಗೆ ಹೇಳಿದ್ರ ನೋಡು ಮತ್ತ! ಪಂಚಮಿಗೆ ಹೆಂಗೂ ಬರತಾಳ’ ಎಂದಳು. ಅವಳ ತಾಟಿನ ರೊಟ್ಟಿ ಎಮ್ಮೆಗೆ ಹೋಗುತ್ತಿದ್ದದ್ದೂ ನಿನ್ನೆಯೇ ತಿಳಿಯಿತು. ಒಂದೇ ಮನೆಯಲ್ಲಿದ್ದೇನೆ, ಮಾಸ್ತರನೂ ಆಗಿದ್ದೇನೆ.

ವಹಿಯಲ್ಲಿ ಕೆಂಪು ಗೆರೆಯ ಪಕ್ಕ ‘ಸರಿ’ ಎಂದು ಬರೆದು ಸಹಿ ಹಾಕಿದೆ. ಆ ಮೂರೂ ಅಳತೆಗೆ ಕತ್ತರಿಸಿದ ಮೂರು ದಾರ ಈ ಲಕೋಟೆಯಲ್ಲಿವೆ. ನಿನ್ನ ರಟ್ಟೆಗೆ ಸುತ್ತಿ ನೋಡು.

ಮಾವನವರಿಗೆ ನಮಸ್ಕಾರ, ಹುಡುಗರಿಗೆ ನನ್ನ ಮುದ್ದು.

ನಿನ್ನ ತಮ್ಮ,
ಕಳಕೇಶ

ತಾ.ಕ.: ಮರೆತೆ ಎಂದರೆ ಸುಳ್ಳಾದೀತು, ಮೇಲೆ ಬರೆಯಲು ಕೈ ಬರಲಿಲ್ಲ. ಹತ್ತನೇ ತಾರೀಖು ಗುರುವಾರ ಅವ್ವನನ್ನು ಗದಗಿನ ದವಾಖಾನೆಗೆ ತೋರಿಸಬೇಕು. ನನ್ನ ಜೊತೆ ಒಲ್ಲೆ ಅನ್ನುತ್ತಾಳೆ; ನೀನು ಕೈ ಹಿಡಿದರೆ ಬಂದಾಳು. ಪಂಚಮಿಗೆ ನಾನು ಕರೆಯಲು ಬರುವ ತನಕ ಕಾಯಬೇಡ, ಹಿಂದಿನ ದಿನ ಬುಧವಾರವೇ ಬಾ. ಕಾವೇರಿ ಮುಂದಿನ ಸರದಿಯ ದಾರವನ್ನು ಅಳೆಯದೆಯೇ ಕತ್ತರಿಸಿ ಇಟ್ಟಿದ್ದಾಳೆ: ಇಪ್ಪತ್ತೊಂದು. ಅದನ್ನು ನಾವು ತಪ್ಪಾಗಿಸಬೇಕು, ಅಕ್ಕಾ.