ಸಪ್ಪೆ ನೀರು

ಮಾರ್ಚ್ 4, ಬೆಳಿಗ್ಗೆ

ಕಡಲ ಮೀನಿನ ತೊಟ್ಟಿಯ ಗಾಜು ಒರೆಸಿದೆ. ನೀರು ಎರಡು ಬೆರಳು ಇಳಿದಿತ್ತು, ಫಿಲ್ಟರ್ ನೀರು ಹುಯ್ದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತೆ, ಅದಕ್ಕೆ ಸಪ್ಪೆ ನೀರೇ ಹಾಕಬೇಕು — ಹಡಗು ಹತ್ತುವ ಮೊದಲು ಇವರು ಹತ್ತು ಸಲ ಹೇಳಿಕೊಟ್ಟ ಪಾಠ. ಕಡಲು ಅವರಿಗೆ, ಬಕೆಟ್ಟು ನನಗೆ.

ಅರ್ಧಂಬರ್ಧ ಎಂದಿನಂತೆ ಕಲ್ಲಿನ ಪೊಟರೆಯಲ್ಲಿ ತಲೆಕೆಳಗಾಗಿ ನಿಂತಿದೆ. ಅದರ ಜಾತಿಯೇ ಹಾಗಂತೆ. ಹೆಬ್ಬೆರಳಿನಷ್ಟು ಮೀನು, ಮುಂದೆ ನೇರಳೆ, ಹಿಂದೆ ಹಳದಿ... ಬಣ್ಣ ಬಳಿಯುವವನು ಅರ್ಧಕ್ಕೇ ಊಟಕ್ಕೆ ಎದ್ದುಹೋದ ಹಾಗೆ. ಹೆಸರಿಟ್ಟಿದ್ದು ಅತ್ತೆ.

ಮಾರ್ಚ್ 7

ಇವರ ಫೋನ್. ಬಂದರು ಸಿಕ್ಕಾಗ ಮಾತ್ರ ಬರುತ್ತೆ. ಮೊದಲು ಮೀನು, ಆಮೇಲೆ ಅಮ್ಮನ ಮಂಡಿನೋವು, ಸಿಗ್ನಲ್ ಉಳಿದರೆ ನಾನು. ಉಳಿಯಲಿಲ್ಲ.

ಮಾರ್ಚ್ 15, ಸಂಜೆ

ಅರ್ಧಂಬರ್ಧ ತಿನ್ನುತ್ತಿಲ್ಲ. ತಳದಲ್ಲಿ ಕೂತು ಏದುಸಿರು ಬಿಡುತ್ತಿದೆ. ಉಪ್ಪಿನ ಮೀಟರಿನ ಮುಳ್ಳು ಗೆರೆ ದಾಟಿದೆ. ಮೀಟರೇ ಕೆಟ್ಟಿರಬೇಕು.

ಮಾರ್ಚ್ 16

ತೊಟ್ಟಿ ನೀರನ್ನು ಬಾಟಲಿಗೆ ತುಂಬಿಸಿಕೊಂಡು ಸಾಕುಮೀನಿನ ಅಂಗಡಿಗೆ ಹೋದೆ. ಅಂಗಡಿಯವರು ತಮ್ಮ ಮೀಟರಿನಲ್ಲಿ ಅಳೆದು, ನಿಮ್ಮ ಮೀಟರ್ ಸರಿಯಿದೆ, ಉಪ್ಪು ಜಾಸ್ತಿ ಹಾಕ್ತಿದ್ದೀರಿ ಅಂದರು. ನಾನು ಹಾಕೇ ಇಲ್ಲ ಅಂದೆ. ಹಾಗಾದರೆ ಇನ್ಯಾರೋ ಹಾಕಿರಬೇಕಂತೆ. ಒಂದೇ ಸಲಕ್ಕೆ ಇಳಿಸಿದರೆ ಮೀನು ತಡೆಯಲ್ಲ. ದಿನಾ ಸ್ವಲ್ಪ ಸ್ವಲ್ಪ ತೆಗೆದು ಅಷ್ಟೇ ಸಪ್ಪೆ ನೀರು ಹಾಕಬೇಕು. ಬದುಕಿದರೆ ಪುಣ್ಯ ಅಂದರು.

ಇನ್ಯಾರೋ ಅಂದರೆ? ಮನೆಯಲ್ಲಿರುವುದೇ ಎರಡು ತಲೆ.

ಮಾರ್ಚ್ 17, ಬೆಳಿಗ್ಗೆ

ಕೆಲಸಕ್ಕೆ ಹೊರಟವಳು ಛತ್ರಿ ಮರೆತು ವಾಪಸ್ ಬಂದೆ. ತೊಟ್ಟಿಯ ಮುಂದೆ ಅತ್ತೆ. ಪಕ್ಕದಲ್ಲಿ ಇವರು ತೊಟ್ಟಿಗೆಂದು ತಂದಿಟ್ಟ ಉಪ್ಪಿನ ಡಬ್ಬ, ಕೈಯಲ್ಲಿ ಉಪ್ಪು ಕದಡಿದ ಲೋಟ. ಸಿಟ್ಟು ನೆತ್ತಿಗೇರಿತು. ಏನು ಮಾಡ್ತಿದ್ದೀರಿ ಅಂದೆ, ಜೋರಾಗಿಯೇ.

"ನೀನು ದಿನಾ ಸಪ್ಪೆ ನೀರು ಹುಯ್ತೀಯ. ಸಮುದ್ರದ ಮೀನಲ್ವೇನಮ್ಮ ಅದು? ಅಡುಗೆಗೆ ನೀರು ಬೆರೆಸಿದ್ರೆ ಚೂರು ಉಪ್ಪೂ ಹಾಕಲ್ವಾ?"

ನನಗೊಂದು ಮಾತು ಹೇಳಬಾರದಿತ್ತಾ ಅಂದೆ. ಲೋಟ ಕೆಳಗಿಟ್ಟರು.

"ಅವನ ಮೇಲಿನ ಸಿಟ್ಟನ್ನ ಮೀನಿನ ಮೇಲೆ ತೀರಿಸ್ಕೊಳ್ತಿದ್ದೀಯ ಅನ್ಕೊಂಡೆ. ನಿನ್ನ ಸಿಟ್ಟು ನ್ಯಾಯವಾದದ್ದೇ. ಹೇಗೆ ಕೇಳ್ಲಿ?"

ಉಪ್ಪಿನ ಡಬ್ಬದ ಮುಚ್ಚಳ ಹಾಕಿದೆ. ಕನ್ನಡಕದಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಕಣ್ಣಿಗೆ ಗಾಜು ಹಿಡಿದು, ಈಗ ಕಾಣ್ತಿದೆಯಾ ಅಂತ ಕೇಳುವವಳು ನಾನು. ಈ ಮನೆಯಲ್ಲಿ ನನ್ನನ್ನೂ ಒಬ್ಬರು ನೋಡುತ್ತಿದ್ದರು ಅಂತ ಇಷ್ಟು ದಿನ ಗೊತ್ತಾಗಿರಲಿಲ್ಲ.

ಅದೇ ದಿನ, ಸಂಜೆ

ಉಪ್ಪು ಆವಿಯಾಗಲ್ಲ ಅಂತ ಬಾಯಲ್ಲಿ ಹೇಳಿದರೆ ಅತ್ತೆ ನಂಬಲಿಲ್ಲ. ತೊಟ್ಟಿಯ ನೀರನ್ನು ಬಾಣಲೆಗೆ ಹಾಕಿ ಕುದಿಸಿ ತೋರಿಸಿದೆ. ನೀರು ಹಾರಿತು, ತಳದಲ್ಲಿ ಬಿಳಿ ಉಪ್ಪು. ಬೆರಳಿಗೆ ಹಚ್ಚಿ ನಾಲಿಗೆಗಿಟ್ಟುಕೊಂಡರು. "ನಾನೇ ಕೊಲ್ತಿದ್ದೆನಲ್ಲೇ" ಅಂದು ಅಲ್ಲೇ ಕೂತುಬಿಟ್ಟರು. ಊಟ ಮಾಡಲಿಲ್ಲ.

ಮಾರ್ಚ್ 19

ನಾನು ಒಂದು ಮಗ್ ತೆಗೆಯುತ್ತೇನೆ, ಅತ್ತೆ ಒಂದು ಮಗ್ ಹುಯ್ಯುತ್ತಾರೆ. ಮೀನು ಇನ್ನೂ ತಳದಲ್ಲೇ. ಭಯವಾಗ್ತಿದೆ. ಸತ್ತರೆ ಇವರಿಗೆ ಏನು ಹೇಳಲಿ ಅಂತಲ್ಲ... ಅತ್ತೆಗೆ ಏನು ಹೇಳಲಿ ಅಂತ.

ಮಾರ್ಚ್ 24

ಮುಳ್ಳು ಗೆರೆಗೆ ಬಂತು. ಬೆಳಿಗ್ಗೆ ಅತ್ತೆ ಬಂದು ಎಬ್ಬಿಸಿದರು — ತಲೆಕೆಳಗಾಗಿದೆ, ಬಾ ನೋಡು. ಬೇರೆ ಮನೆಯಲ್ಲಾದರೆ ಇದು ಸಾವಿನ ಸುದ್ದಿ. ಪೊಟರೆಯಲ್ಲಿ ಅರ್ಧಂಬರ್ಧ, ಕಾಲು ಮೇಲೆ ಮಾಡಿ ಮಲಗಿದ ಯಜಮಾನರ ಠೀವಿ. ಹಾಕಿದ್ದೆಲ್ಲ ತಿಂದಿತು. ಅತ್ತೆಯೂ ಎರಡು ಸಲ ಬಡಿಸಿಕೊಂಡರು.

ಮಾರ್ಚ್ 26, ಸಂಜೆ

ಫೋನ್. ಅತ್ತೆ ಎತ್ತಿ ಸ್ಪೀಕರ್‌ಗೆ ಹಾಕಿದರು. ಅದೇ ರಾಗ — ಅಮ್ಮಾ, ಮೀನು ಹೇಗಿದೆ?

"ಮೀನು ಚೆನ್ನಾಗಿದೆ. ಇವಳು ಹೇಗಿದ್ದಾಳೆ, ಅದನ್ನ ಕೇಳು ಮೊದಲು."

ಆ ಕಡೆ ಗರಗರ ಸದ್ದು. ಸಿಗ್ನಲ್ ಹೋಯಿತು ಅಂದುಕೊಂಡೆ. ಹೋಗಿರಲಿಲ್ಲ. ಅತ್ತೆ ಫೋನ್ ನನ್ನ ಕೈಗಿಟ್ಟು, ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಹೇಗಿದ್ದೀಯ ಅಂದರು ಇವರು.

ನಾನು ಹೇಳತೊಡಗಿದೆ, ಮೀನಿನ ಸುದ್ದಿ ಬಿಟ್ಟು.