ನುಂಗಿದ ಗುಟುಕು

ಲಾಬಾಸ್ತೀದಾ,
ಜನವರಿ 23

ಪ್ರೀತಿಯ ಅಮ್ಮನಿಗೆ, ನಿನ್ನ ಮಗಳು ಎದುರ್ನೆಯ ಮುತ್ತುಗಳು.

ಲೊಗ್ರೊನ್ಯೊದಲ್ಲಿ ಚಿಕ್ಕಮ್ಮನ ಮನೆ ಬೆಚ್ಚಗಿದೆಯೇ? ಇಲ್ಲಿ ದ್ರಾಕ್ಷಿ ಬಳ್ಳಿಗಳ ಮೇಲೆ ಹಿಮ ಕೂತಿದೆ. ಸಿರಿಯಾಕೊ ಚಿಕ್ಕಪ್ಪ ಫೋನಿನಲ್ಲಿ ದೂರು ಹೇಳುವ ಮೊದಲೇ ನಾನೇ ಬರೆಯುತ್ತಿದ್ದೇನೆ. ಅವನು ಹೇಳುವುದೆಲ್ಲ ನಿಜ. ನಾನು ಕ್ಷಮೆ ಕೇಳುವುದಿಲ್ಲ.

ನಿನ್ನೆ ಸಂತ ವಿಸೆಂತೆಯ ಹಬ್ಬ. ನೆಲಮಾಳಿಗೆಯಲ್ಲಿ ಮನೆಯ ಗಂಡಸರು ಪೀಪಾಯಿಗಳ ವೈನ್ ರುಚಿ ನೋಡಿದರು. ನಮ್ಮ ಮನೆಯ ಕಟ್ಟಳೆಯನ್ನು ಚಿಕ್ಕಪ್ಪ ಮರೆತಂತೆ ನಟಿಸುತ್ತಿದ್ದಾನೆ, ಅದಕ್ಕೇ ಬರೆಯುತ್ತೇನೆ. ಎಲ್ಲರೂ ರುಚಿ ನೋಡಿ ಉಗಿದ ಪೀಪಾಯಿಯ ವೈನ್ ಸಗಟು ವ್ಯಾಪಾರಿಯ ಟ್ಯಾಂಕಿಗೆ. ಮನೆಯವರಲ್ಲಿ ಒಬ್ಬರು ನುಂಗಿದರೂ ಅದು ಇಲ್ಲೇ ಉಳಿದು ನಮ್ಮ ಹೆಸರಿನ ಬಾಟಲಿಗೆ. ಲೋಟ ಗಂಡಸರಿಗೆ ಮಾತ್ರ ಎಂದು ಅದರಲ್ಲಿ ಎಲ್ಲೂ ಇಲ್ಲ. ರೂಢಿ ಹಾಗಿದೆ, ಅಷ್ಟೆ.

ಕೊನೆಯದು ನಿನ್ನ ಪೀಪಾಯಿ. ಅಪ್ಪ ತೀರಿಕೊಂಡ ವರ್ಷ ನೀನು ಯಾರ ಮಾತೂ ಕೇಳದೆ ಹೊಸ ಓಕ್ ಮರದ ಪೀಪಾಯಿಗೆ ತುಂಬಿಸಿದ ಕೆಂಪು ವೈನ್. ಅದರ ಮೇಲೆ ಎದ್ದ ಜಗಳಕ್ಕೇ ಅಲ್ಲವೇ ನೀನು ಮನೆ ಬಿಟ್ಟದ್ದು? ಚಿಕ್ಕಪ್ಪ ಒಮ್ಮೆ ಬಾಯಲ್ಲಿ ಆಡಿಸಿ ಉಗಿದ.

"ಇದು ವೈನಲ್ಲ, ಬಡಗಿ ಅಂಗಡಿ. ಅತ್ತಿಗೆ ನಮಗೆ ಕುರ್ಚಿ ಕುಡಿಸೋಕೆ ಹೊರಟಿದ್ರು," ಎಂದ.

ಅಜ್ಜನೂ ಉಗಿದರು. ನಗಲಿಲ್ಲ ಮಾತ್ರ. ವ್ಯಾಪಾರಿಗೆ ಹೇಳಿಕಳಿಸುವ ಮಾತು ಶುರುವಾಯಿತು.

ಅಂಗಳದಲ್ಲಿ ಕುರಿಮರಿ ಮಾಂಸ ಸುಡಲು ಬಳ್ಳಿಕಡ್ಡಿ ಒಯ್ಯಲು ಬಂದವಳು ನಾನು. ಹೊರೆ ಕೆಳಗಿಟ್ಟು ಅಜ್ಜನ ಕೈಯಿಂದ ಲೋಟ ತೆಗೆದುಕೊಂಡೆ.

"ಏಯ್ ಹುಡುಗಿ, ಇಡು ಅದನ್ನ. ಇದೇನು ಅಡುಗೆಮನೆ ಅಂದ್ಕೊಂಡ್ಯಾ?" ಎಂದ ಚಿಕ್ಕಪ್ಪ.

ನಾಲ್ಕು ಜನರೆದುರು ನನಗೆ ಮಾತು ಹೊರಡುವುದಿಲ್ಲವೆಂದು ನೀನು ಬಲ್ಲೆ. ನಿನ್ನೆಯೂ ಹೊರಡಲಿಲ್ಲ. ಚಿಕ್ಕಪ್ಪನ ಮುಖ ನೋಡುತ್ತಲೇ ಕುಡಿದೆ. ನುಂಗಿದೆ. ಲೋಟ ಬೋರಲು ಮಾಡಿ ತೋರಿಸಿದೆ.

ಹೆಣ್ಣುಮಕ್ಕಳು ನುಂಗಿದ್ದು ಲೆಕ್ಕಕ್ಕಿಲ್ಲ ಎಂದು ಅವನು ಕೂಗಾಡಿದ. ಅಜ್ಜ ಅವನತ್ತ ತಿರುಗಿದರು.

"ಇವಳು ಈ ಮನೆಯವಳು ಹೌದೋ ಅಲ್ವೋ, ಅದನ್ನ ಮೊದಲು ಹೇಳೋ ಸಿರಿಯಾಕೊ."

ಅವನು ಮುಖ ತಿರುಗಿಸಿದ. ಅಜ್ಜ ಸೀಮೆಸುಣ್ಣ ತೆಗೆದು ನಿನ್ನ ಪೀಪಾಯಿಯ ಮೇಲೆ ಮನೆಯ ಗುರುತು ಎಳೆದರು.

ಚಿಕ್ಕಪ್ಪ ನನ್ನೊಡನೆ ಮಾತು ಬಿಟ್ಟಿದ್ದಾನೆ. ಬಿಡಲಿ. ಮುಂದಿನ ಹಬ್ಬಕ್ಕೂ ಲೋಟ ಹಿಡಿಯುತ್ತೇನೆ, ನಿನ್ನ ಪೀಪಾಯಿಗಷ್ಟೇ ಅಲ್ಲ, ಎಲ್ಲಕ್ಕೂ. ಚೆನ್ನಾಗಿಲ್ಲದಿದ್ದರೆ ಅವನ ಪೀಪಾಯಿಯದನ್ನೂ ಅವನೆದುರೇ ಉಗಿಯುತ್ತೇನೆ.

ಇಲ್ಲಿಂದ ಕದಲದ ನಿನ್ನ ಮಗಳು,
ಎದುರ್ನೆ

ತಾ.ಕ.: ವೈನ್ ಹೇಗಿತ್ತು ಎಂದು ಕೇಳುತ್ತೀ. ಯಾರಿಗೂ ಹೇಳಬೇಡ, ಭಾರೀ ಒಗರು. ಗಂಟಲಿಗೆ ಇಳಿಸುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ನಿನ್ನ ನೆನಪಾಗಿ ಅತ್ತೆನೆಂದು ಅಜ್ಜ ಅಂದುಕೊಂಡಿದ್ದಾರೆ. ಆ ವೈನ್ ಹದವಾಗಲು ಇನ್ನೂ ಕಾಲ ಬೇಕಮ್ಮ, ಅದನ್ನು ನೋಡಿಕೊಳ್ಳುವುದು ನನಗೆ ಬರುವುದಿಲ್ಲ. ಬಂದುಬಿಡು.