ಸೋಡಿಯಮ್ಮಿಗೆ ಸ್ನಾನ ಮಾಡಿಸಿದ್ದು ಯಾರು?

ಸುತ್ತೋಲೆಗಳಿಗೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ನಮ್ಮ ಕಾಲೇಜಿನ ಲ್ಯಾಬ್ ಅಟೆಂಡರ್ ಸಿದ್ದಮಲ್ಲಪ್ಪನವರಿಗೆ ತಮ್ಮ ಕಚೇರಿಯಿಂದ ಕಾರಣ ಕೇಳುವ ನೋಟಿಸ್ ಬಂದಿದೆ. ರಸಾಯನಶಾಸ್ತ್ರ ಪ್ರಯೋಗಾಲಯದ ಪಿಂಗಾಣಿ ಬೇಸಿನ್ ಒಡೆದದ್ದಕ್ಕೆ ಅವರನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ತಾವು ಕೇಳಿದ್ದೀರಿ. ಅವರು ಉತ್ತರ ಬರೆಯಲು ಕೂತವರು ಸ್ವಲ್ಪ ಹೊತ್ತಿಗೇ ಪೆನ್ನನ್ನು ನನ್ನ ಕೈಗಿಟ್ಟು, "ನೀವೇ ಬರ್ಕೊಡಿ ಮೇಡಮ್ಮೋರೆ, ನಾನು ಬರುದ್ರೆ ಎಲ್ಲಾದ್ಕೂ ತಪ್ಪಾಯ್ತು ಅಂತ ಬರ್ದ್‌ಬುಡ್ತೀನಿ" ಎಂದರು. ಹಾಗಾಗಿ ರಸಾಯನಶಾಸ್ತ್ರದ ಉಪನ್ಯಾಸಕಿಯಾದ ನಾನು ಬರೆಯುತ್ತಿದ್ದೇನೆ. ಲಕೋಟೆಗೆ ಹಾಕಿ ಕಳಿಸಿದರೆ ಅದು ತಮ್ಮ ಟಪಾಲು ಶಾಖೆಯಲ್ಲಿ ಸುಖವಾಗಿ ನಿದ್ದೆ ಹೋಗುತ್ತದೆ ಎಂಬ ಅನುಭವ ಇರುವುದರಿಂದ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ. ಬೇಸಿನ್ ಒಡೆದದ್ದು ನಿಜ. ಒಡೆದವರು ಯಾರು ಎನ್ನುವಲ್ಲಿ ಮಾತ್ರ ತಮಗೂ ನನಗೂ ಭಿನ್ನಾಭಿಪ್ರಾಯ.

ಆಯುಧಪೂಜೆಯ ಹೊತ್ತಿಗೆ ತಾವು ಒಂದು ಸುತ್ತೋಲೆ ಹೊರಡಿಸಿದಿರಿ. "ಪ್ರಯೋಗಾಲಯದ ಬೀರುಗಳಲ್ಲಿರುವ ಸಮಸ್ತ ಸಾಮಗ್ರಿಗಳನ್ನು ಯಾವುದೇ ವಿನಾಯಿತಿ ಇಲ್ಲದೆ ಶುದ್ಧ ನೀರಿನಿಂದ ತೊಳೆದು, ಪೂಜೆ ನೆರವೇರಿಸಿ, ಛಾಯಾಚಿತ್ರಗಳನ್ನು ಸಂಜೆಯೊಳಗೆ ವಾಟ್ಸಾಪ್ ಗುಂಪಿಗೆ ಕಳುಹಿಸತಕ್ಕದ್ದು." ಎಂಥ ಗಂಭೀರ ಕನ್ನಡ! ಸಮಸ್ತ! ಯಾವುದೇ ವಿನಾಯಿತಿ ಇಲ್ಲದೆ! ಸಮಸ್ತ ಎನ್ನುವ ಪದದೊಳಗೆ ಏನೇನು ಕೂತಿರಬಹುದು ಎಂದು ಸಹಿ ಹಾಕುವಾಗ ಒಂದು ಕ್ಷಣವಾದರೂ ಯೋಚಿಸಿದಿರಾ ಸ್ವಾಮಿ? ನಮ್ಮ ಬೀರುವಿನ ಕೆಳಗಿನ ಅರೆಯಲ್ಲಿ ಸೋಡಿಯಂ ಕೂತಿತ್ತು. ಅದು ಲೋಹವೇ ಆದರೂ ಚಾಕುವಿನಲ್ಲಿ ಬೆಣ್ಣೆಯ ಹಾಗೆ ಕೊಯ್ಯಬಹುದು. ನೀರು ಸೋಕಿದರೆ ಮಾತ್ರ ಭುಗಿಲೆನ್ನುತ್ತದೆ. ಗಾಳಿಯ ತೇವವೂ ಅದಕ್ಕೆ ಆಗಿಬರುವುದಿಲ್ಲ. ಅದಕ್ಕೇ ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ, ಮುಚ್ಚಳ ಬಿಗಿದು, ನಲ್ಲಿಯಿಂದ ದೂರ ಬೀಗದೊಳಗೆ ಇಡುವುದು. ಇದನ್ನು ಹೈಸ್ಕೂಲಿನ ಮಕ್ಕಳಿಗೆ ಹೇಳಿಕೊಡುತ್ತಾರೆ. ತಾವೂ ಹೈಸ್ಕೂಲು ದಾಟಿಯೇ ಆ ಕುರ್ಚಿಗೆ ಬಂದಿರುತ್ತೀರಿ ಎಂದು ನಂಬಿದ್ದೇನೆ.

ಆ ದಿನ ನೀವೆಲ್ಲಿದ್ದಿರಿ ಎಂದು ತಾವು ನನ್ನನ್ನು ಕೇಳಬಹುದು. ಕೇಳಿ, ದಯವಿಟ್ಟು ಕೇಳಿ! ತಮ್ಮದೇ ಇನ್ನೊಂದು ಸುತ್ತೋಲೆಗೆ ತಲೆಬಾಗಿ ಹುಣಸೂರಿನಲ್ಲಿದ್ದೆ. ಅಲ್ಲಿ ಕಾರ್ಯಾಗಾರವಿತ್ತು. ವಿಷಯ: ಪ್ರಯೋಗಾಲಯ ಸುರಕ್ಷತೆ. ಅಪಾಯದ ರಾಸಾಯನಿಕಗಳ ಬೀಗದ ಕೈಯನ್ನು ಉಪನ್ಯಾಸಕರು ಬೇರೆಯವರಿಗೆ ಕೊಡಲೇಬಾರದು ಎಂದು ಪರದೆಯ ಮೇಲೆ ಕೆಂಪಕ್ಷರದಲ್ಲಿ ತೋರಿಸಿದರು. ಕೈ ಎತ್ತಿ, "ಹೊರಡುವ ಮುಂಚೆ ಬೀಗದ ಕೈಯನ್ನು ಅಟೆಂಡರಿಗೆ ಒಪ್ಪಿಸಿ ಬರಬೇಕೆಂದು ಇದೇ ಕಚೇರಿಯ ಆದೇಶವಿದೆಯಲ್ಲ?" ಎಂದೆ. ಪ್ರಶ್ನೋತ್ತರ ಊಟದ ನಂತರ ಎಂದರು. ಊಟದ ನಂತರ ವಂದನಾರ್ಪಣೆ ಆಯಿತು. ಕೆಳಗಿನ ಅರೆಗೆ ಕೈ ಹಾಕಬೇಡಿ ಎಂದು ಸಿದ್ದಮಲ್ಲಪ್ಪನವರಿಗೆ ನಾನು ಹೇಳಿಯೇ ಹೋಗಿದ್ದೆ. ಆದರೆ ನನ್ನ ಬಾಯಿಮಾತು ದೊಡ್ಡದೋ, ತಮ್ಮ ಮೊಹರು ಬಿದ್ದ ಕಾಗದ ದೊಡ್ಡದೋ? ಹೊರಗುತ್ತಿಗೆಯ ನೌಕರನಿಗೆ ಇದರ ಉತ್ತರ ಚೆನ್ನಾಗಿ ಗೊತ್ತಿರುತ್ತದೆ.

ಸಿದ್ದಮಲ್ಲಪ್ಪನವರು ಮನಸ್ಸಿಟ್ಟು ಪೂಜೆ ಮಾಡುವ ಮನುಷ್ಯ. ಅವರ ಲೆಕ್ಕದಲ್ಲಿ ತಕ್ಕಡಿಯೂ ಆಯುಧ, ಬರ್ನರೂ ಆಯುಧ, ಮುರಿದ ಸ್ಟೂಲೂ ಆಯುಧ. ಎಲ್ಲವನ್ನೂ ತೊಳೆದು, ಒರೆಸಿ, ಒಂದೊಂದು ಬಾಟಲಿಗೂ ಮೂರೆಳೆ ವಿಭೂತಿ ಹಚ್ಚುತ್ತ ಬಂದಿದ್ದಾರೆ. ಹಚ್ಚಿದ್ದು ಸರಿಯಾಗಿ ಹೆಸರು ಬರೆದ ಚೀಟಿಯ ಮೇಲೆಯೇ. ಕೆಳಗಿನ ಅರೆಯ ಬಾಟಲಿ ತೆರೆದರೆ ಸೀಮೆಎಣ್ಣೆಯ ಗಬ್ಬು. "ದೇವ್ರ ಮುಂದೆ ಸೀಮೆಎಣ್ಣೆ ನಾತ ಮಡಿಕ್ಕಂಡು ಎಂಗೆ ಪೂಜೆ ಮಾಡಾದು ಮೇಡಮ್ಮೋರೆ?" ಎಂದು ಆಮೇಲೆ ನನ್ನನ್ನೇ ಕೇಳಿದರು. ಹಾಳು ಮಾಡುವ ಜೀವವಲ್ಲ ಅದು. ಎಣ್ಣೆಯನ್ನು ಹಿಂದಿನ ಕಾಂಪೌಂಡಿಗೆ ಹತ್ತಿದ ಗೆದ್ದಲಿಗೆ ಹುಯ್ದು ಬಂದಿದ್ದಾರೆ. ಇನ್ನೇನು ಬಾಟಲಿಯನ್ನು ನಲ್ಲಿಗೆ ಹಿಡಿಯಬೇಕು, ಮುಚ್ಚಳಕ್ಕೆ ಅಂಟಿದ್ದ ಒಂದು ಚೂರು, ಕಡಲೆಬೇಳೆಯಷ್ಟು, ನೀರು ನಿಂತಿದ್ದ ಬೇಸಿನ್ನಿಗೆ ಬಿತ್ತು. ಚುರ್ರೆಂದು ನೀರಿನ ಮೇಲೆಲ್ಲ ಓಡಾಡಿ, ಹಳದಿ ಬೆಂಕಿ ಹೊತ್ತಿ, ಢಬ್ಬೆಂದು ಸಿಡಿಯಿತು. ಬೇಸಿನ್ ಬಿರುಕು ಬಿಟ್ಟಿತು. ಸಿದ್ದಮಲ್ಲಪ್ಪನವರ ಎಡಗಡೆಯ ಮೀಸೆ ಹೋಯಿತು.

ನಾನು ಹುಣಸೂರಿನ ಬಸ್ಸಿಳಿದು ನಮ್ಮೂರಿನ ಆಟೋ ಸ್ಟ್ಯಾಂಡಿರುವ ಹ್ಯಾಂಡ್‌ಪೋಸ್ಟ್‌ನಲ್ಲಿ ನಿಂತಿದ್ದೆ. ಫೋನು ಬಂತು.

"ಮೇಡಮ್ಮೋರೆ, ಬೆಂಕಿ ಬಂದ್‌ಬುಡ್ತು ಕಣ್ರೀ! ನೀರಲ್ಲೇ ಬೆಂಕಿ! ಎಣ್ಣೆ ಎಲ್ಲಾನೂವೆ ಚೆಲ್ಬುಟ್ಟೆ!"

ಸುತ್ತ ಯಾರಿದ್ದಾರೆ ಎಂಬ ಪರಿವೆಯಿಲ್ಲದೆ ಕಿರುಚಿದೆ. "ಎಣ್ಣೆ ಚೆಲ್ಬಿಟ್ರಾ? ಪೂರ್ತಿನಾ? ಒಂದು ತೊಟ್ಟೂ ಉಳಿಸ್ಲಿಲ್ವಾ? ಅಯ್ಯೋ ಸಿದ್ದಮಲ್ಲಪ್ನೋರೆ, ಎಣ್ಣೆ ಇಲ್ದೆ ಈಗ ಏನ್ ಮಾಡೋದು! ಮುಚ್ಚಳ ಗಟ್ಟಿಯಾಗಿ ಹಾಕಿ, ಒಳಗೆ ಯಾರನ್ನೂ ಬಿಡ್ಬೇಡಿ, ನೀರಂತೂ ಬೆರೆಸ್ಲೇಬೇಡಿ. ನಾನೇ ಎಣ್ಣೆ ತಗೊಂಡು ಬರ್ತೀನಿ!"

ಸ್ಟ್ಯಾಂಡಿನಲ್ಲಿದ್ದ ಜನವೆಲ್ಲ ನನ್ನನ್ನೇ ನೋಡುತ್ತಿತ್ತು. ಆಟೋದ ಧರ್ಮೇಂದ್ರ ಎದ್ದು ಬಂದು ಬಹಳ ಮರ್ಯಾದೆಯಿಂದ, "ಬೇಜಾರ್ ಮಾಡ್ಕೋಬೇಡಿ ಮೇಡಂ, ಅಬ್ಬದ ದಿನ ಇದೆಲ್ಲಾ ಇದ್ದುದ್ದೇಯ. ಬಾರು ತೆಗ್ದದೆ, ನಾನೇ ತಂದ್ಕೊಡ್ಲಾ? ನೀವು ಓಗಾದು ಚೆಂದಾಗಿರಕಿಲ್ಲ" ಎಂದ. ಅದಲ್ಲಪ್ಪ, ಸೀಮೆಎಣ್ಣೆ ಬೇಕು ಎಂದೆ. "ಸೀಮೆಎಣ್ಣೆನಾ? ರೇಷನ್ನಲ್ಲಿ ಅದು ನಿಂತೋಗಿ ಯಾವ್ ಕಾಲಾಯ್ತು! ಇನ್ನೊಂದಾದ್ರೆ ಎಲ್ಲಾ ಬ್ರಾಂಡೂ ಸಿಕ್ತದೆ" ಎಂದು ತಲೆ ಕೆರೆದುಕೊಂಡ.

ಸೋಡಿಯಂ ಮುಳುಗಿಸಲು ಸೀಮೆಎಣ್ಣೆಯೇ ಆಗಬೇಕೆಂದಿಲ್ಲ, ಲಿಕ್ವಿಡ್ ಪ್ಯಾರಫಿನ್ ಕೂಡ ಆಗುತ್ತದೆ. ಅದು ಸಿಗುವುದು ಔಷಧಿ ಅಂಗಡಿಯಲ್ಲಿ, ಮಲಬದ್ಧತೆಗೆ. ಅಂಗಡಿಯ ಮಹದೇವಪ್ರಸಾದರು ಒಂದು ಬಾಟಲಿ ಇಟ್ಟರು. ಸಾಲದು, ಇರೋದನ್ನೆಲ್ಲ ಕೊಡಿ ಎಂದೆ. ಅವರು ನನ್ನ ಮುಖ ನೋಡಿ ದನಿ ತಗ್ಗಿಸಿದರು.

"ಮನೇಲಿ ಎಲ್ರಿಗೂನಾ ಮೇಡಂ?"

"ಮನೆಯವರಿಗಲ್ಲ, ಸೋಡಿಯಮ್ಮಿಗೆ."

"ಯಾರಿಗೇ ಆಗ್ಲಿ, ಇಷ್ಟೊಂದು ತಡ್ಕೊಳಲ್ಲ. ಈ ಗುಲಾಬಿ ಬಣ್ಣದ್ದು ಕೊಡ್ತೀನಿ, ರುಚಿಯಾಗೂ ಇರ್ತದೆ, ಕೆಲ್ಸಾನೂ ಮಾಡ್ತದೆ."

ಅದರಲ್ಲಿ ನೀರು ಬೆರೆತಿದೆ, ಕೆಲಸವೇನೋ ಮಾಡುತ್ತದೆ, ಕಟ್ಟಡ ಉಳಿಯುವುದಿಲ್ಲ ಎಂದು ವಿವರಿಸುವ ತಾಳ್ಮೆ ನನಗಿರಲಿಲ್ಲ. ಬರಿಯ ಪ್ಯಾರಫಿನ್ ಬಾಟಲಿಗಳನ್ನು ಬಾಚಿಕೊಂಡು ಧರ್ಮೇಂದ್ರನ ಆಟೋ ಹತ್ತಿದೆ.

ಕಾಲೇಜಿಗೆ ಹೋದಾಗ ಕಂಡದ್ದನ್ನು ತಾವು ಗಮನವಿಟ್ಟು ಓದಬೇಕು. ಸಿದ್ದಮಲ್ಲಪ್ಪನವರು ಲ್ಯಾಬಿನ ಬಾಗಿಲಿಗೆ ಅಡ್ಡಲಾಗಿ, ಎರಡೂ ಕೈ ಚಾಚಿ ನಿಂತಿದ್ದರು. ಅರ್ಧ ಮೀಸೆ, ಮುಖ ಬಿಳಿಚಿಕೊಂಡಿದೆ. ಎದುರಿಗೆ ಮಾವಿನೆಲೆ, ರಂಗೋಲಿ, ಕೊಡದ ತುಂಬ ನೀರು ಹಿಡಿದ ದ್ವಿತೀಯ ಪಿಯುಸಿ ಹುಡುಗಿಯರು. "ಒಸಿ ಒಳಿಕ್ ಬುಡಿ ಅಣ್ಣೋ, ನೆಲ ತೊಳ್ದ್‌ಬುಟ್ಟು ಓಯ್ತೀವಿ" ಎಂದು ಪವಿತ್ರಾ ಎನ್ನುವವಳು ಕೊಡ ಹೊತ್ತು ನುಗ್ಗುತ್ತಿದ್ದಾಳೆ. "ನನ್ ಎಣದ್ ಮ್ಯಾಲೆ ಓಗವ್ವ, ಇಲ್ದಿದ್ರೆ ಇಲ್ಲ" ಎನ್ನುತ್ತಿದ್ದಾರೆ ಇವರು. ನನಗೆ ಅಲ್ಲೇ ಅಳು ಬಂತು. ಸೋಡಿಯಂ ಯಾವುದು, ಪೊಟ್ಯಾಸಿಯಂ ಯಾವುದು ಆ ಮನುಷ್ಯನಿಗೆ ತಿಳಿಯದು. ಒಳಗಿರುವುದು ಮಕ್ಕಳಿಗೆ ಆಗದ್ದು ಎಂಬಷ್ಟು ತಿಳಿದಿತ್ತು, ಅಷ್ಟಕ್ಕೇ ಬಾಗಿಲು ಬಿಡದೆ ನಿಂತಿದ್ದರು. ನಾನು ಒಳಗೆ ಹೋಗಿ ಪ್ಯಾರಫಿನ್ ತುಂಬಿಸಿ, ಬೀಗ ಹಾಕಿ, ಬಂದು ಮೆಟ್ಟಿಲ ಮೇಲೆ ಕುಸಿದು ಕೂತೆ.

ತಮಾಷೆ ಇನ್ನೂ ಇದೆ. ಸಂಜೆಯೊಳಗೆ ಫೋಟೋ ಕಳಿಸಬೇಕಲ್ಲ? ಕಳಿಸಿದರು. ಬಿರುಕುಬಿಟ್ಟ ಬೇಸಿನ್, ವಿಭೂತಿ ಬಳಿದ ಬಾಟಲಿಗಳು, ಅರ್ಧ ಮೀಸೆಯಲ್ಲಿ ಕೈಮುಗಿದು ನಿಂತ ಸಿದ್ದಮಲ್ಲಪ್ಪ. ತಮ್ಮ ಕಚೇರಿಯಿಂದ ಮೇಲೆತ್ತಿದ ಹೆಬ್ಬೆರಳಿನ ಚಿತ್ರವೂ ಬಂತು, "ಉತ್ತಮ ಕಾರ್ಯ" ಎಂಬ ಶ್ಲಾಘನೆಯೂ ಬಂತು. ಅದಾದ ಮೇಲೆ ನೋಟಿಸ್ ಬಂತು. ಸುತ್ತೋಲೆಯಂತೆ ತೊಳೆದದ್ದು ತಪ್ಪೋ, ಪೂರ್ತಿ ತೊಳೆಯದೆ ಬಿಟ್ಟದ್ದು ತಪ್ಪೋ? ಬಾಟಲಿ ನಲ್ಲಿಯ ಕೆಳಗೆ ಹೋಗಿದ್ದರೆ ನೋಟಿಸ್ ತೆಗೆದುಕೊಳ್ಳಲು ಅವರು ಇರುತ್ತಿದ್ದರೇ? ಈ ಪತ್ರ ಬರೆಯುವಾಗ ನನಗೆ ನಗು ಬರುತ್ತಿರುವುದು ನಿಜ. ಆದರೆ ಆ ನೋಟಿಸನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಅವರು ಈಗಲೂ ದಿನಾ ಬಾಗಿಲು ತೆರೆಯಲು ಬರುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಸೋಡಿಯಂ ವಿಷಯ ಅವರಿಗೆ ಈಗ ಅರ್ಥವಾಗಿದೆ. ಶನಿಮಹಾತ್ಮನಿಗೆ ಎಣ್ಣೆ ಸೇವೆ ಮಾಡುತ್ತೇವಲ್ಲ, ಇದೂ ಹಾಗೆಯೇ ಎಂದು ಹೇಳಿದೆ. "ಅಂಗನ್ನಿ ಮತ್ತೆ! ಮೊದ್ಲೇ ಏಳಿದ್ರೆ ಬಗ್ಗಿ ನೋಡ್ತಿದ್ನಾ!" ಎಂದು ನನಗೇ ಗದರಿದರು. ಮಾರನೆಯ ದಿನ ಬೀರುವಿನ ಬಾಗಿಲ ಮೇಲೆ ಅವರದೇ ಅಕ್ಷರದಲ್ಲಿ ಒಂದು ರಟ್ಟು ಇತ್ತು. "ಇವರಿಗೆ ಅಭಿಷೇಕ ಇಲ್ಲ. ಎಣ್ಣೆ ಸೇವೆ ಮಾತ್ರ." ಹುಣಸೂರಿನ ಆ ಇಡೀ ಕಾರ್ಯಾಗಾರದ ಸಾರ ಅದರಲ್ಲಿದೆ, ಊಟವೊಂದನ್ನು ಬಿಟ್ಟು.

ಈಗ ನನ್ನ ಒತ್ತಾಯ. ಸಿದ್ದಮಲ್ಲಪ್ಪನವರ ನೋಟಿಸನ್ನು ತಾವು ಹಿಂದಕ್ಕೆ ತೆಗೆದುಕೊಳ್ಳಬೇಕು, ಅದೂ ಲಿಖಿತವಾಗಿ, ಮೊಹರು ಹಾಕಿ. ಮುಂದಿನ ಆಯುಧಪೂಜೆಯ ಸುತ್ತೋಲೆಯಲ್ಲಿ ಸಮಸ್ತ ಎನ್ನುವ ಪದವನ್ನು ಹೊಡೆದುಹಾಕಬೇಕು. ಅಪಾಯದ ಬೀರುವಿನ ಬೀಗದ ಕೈ ಉಪನ್ಯಾಸಕರ ಬಳಿಯೇ ಇರಲಿ. ಬೆಂಕಿ ಆರಿಸಲೆಂದು ಅದೇ ಬೀರುವಿನ ಮುಂದೆ ತಾವು ನೇತುಹಾಕಿಸಿರುವ ನೀರಿನ ಕೆಂಪು ಬಕೆಟ್ಟಿಗೆ ಒಣ ಮರಳು ತುಂಬಲು ಅಪ್ಪಣೆ ಕೊಡಿ. ಅಪ್ಪಣೆ ಬರುವ ಮೊದಲೇ ತುಂಬಿದ್ದೇನೆ. ಅದಕ್ಕೂ ನೋಟಿಸ್ ಕೊಡುವುದಾದರೆ ನನ್ನ ಹೆಸರಿಗೇ ಕೊಡಿ.

ಇದೆಲ್ಲ ಆಗುವುದಿಲ್ಲ, ಸುತ್ತೋಲೆ ಸರಿಯಾಗಿಯೇ ಇದೆ ಎನ್ನುವುದಾದರೆ ನಮ್ಮ ತಕರಾರಿಲ್ಲ. ದಯಮಾಡಿ ಖುದ್ದು ಬನ್ನಿ. ಹಾರ ಹಾಕಿ ಸ್ವಾಗತಿಸುತ್ತೇವೆ. ಸೋಡಿಯಂ ಬಾಟಲಿಯನ್ನು ತಮ್ಮ ಎಡಗೈಗೂ ಶುದ್ಧ ನೀರಿನ ಚೊಂಬನ್ನು ಬಲಗೈಗೂ ಕೊಡುತ್ತೇವೆ. ಯಾವುದೇ ವಿನಾಯಿತಿ ಇಲ್ಲದೆ ತಾವೇ ತೊಳೆಯಿರಿ. ಫೋಟೋ ತೆಗೆಯಲು ಸಿದ್ದಮಲ್ಲಪ್ಪನವರು ಸಿದ್ಧರಿದ್ದಾರೆ, ಗೇಟಿನ ಆಚೆಯಿಂದ.

ಇಂತಿ, ಬಾಟಲಿಯೊಳಗಿನ ಎಣ್ಣೆಯ ಮಟ್ಟವನ್ನು ದಿನಾ ಬಗ್ಗಿ ನೋಡುತ್ತಿರುವ,
ಉಷಾರಾಣಿ
(ಹ್ಯಾಂಡ್‌ಪೋಸ್ಟ್ ಆಟೋ ಸ್ಟ್ಯಾಂಡಿನಲ್ಲಿ ಈಗ 'ಎಣ್ಣೆ ಮೇಡಂ' ಎಂದರೆ ಸಾಕು, ನೇರ ನಮ್ಮ ಮನೆಗೇ ಕರೆತಂದು ಬಿಡುತ್ತಾರೆ.)